ತಂಗಳು ಬೇರೆ, ಹಳಸಲು ಬೇರೆ: ಬೇಯಿಸಿದ ತರಕಾರಿಯನ್ನು ಇಡುವ ಬಗೆ

(ದಾವಣಗೆರೆಯಲ್ಲಿ ಮನೆಯಡುಗೆಯವರು, ಮೆಸ್ ಮತ್ತು ಪಿ.ಜಿ. ನಡೆಸುವವರು, ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ.

ಉಳಿದ ಅಡುಗೆಗೆ ಕನ್ನಡದಲ್ಲಿ ಎರಡು ಮಾತಿವೆ. ನಿನ್ನೆಯದು ತಂಗಳು, ಕೆಟ್ಟದ್ದು ಹಳಸಲು. ತಂಗಳೆಲ್ಲ ಹಳಸಲಾಗಿರಬೇಕಿಲ್ಲ. ಹಾಗೆಯೇ ಬೆಳಿಗ್ಗೆ ಏಳಕ್ಕೆ ಮಾಡಿದ ಪಲ್ಯ ಮಧ್ಯಾಹ್ನ ಎರಡಕ್ಕೇ ಹಳಸಬಹುದು, ತಂಗಳಾಗುವಷ್ಟು ಪುರಸೊತ್ತೂ ಅದಕ್ಕೆ ಸಿಕ್ಕಿರುವುದಿಲ್ಲ. ಫ್ರಿಜ್‌ಗೆ ತಮಾಷೆಗೆ ತಂಗಳು ಪೆಟ್ಟಿಗೆ ಅನ್ನುತ್ತೇವೆ, ಕೆಟ್ಟರೆ ಅದನ್ನೇ ಬೈಯುತ್ತೇವೆ. ಆದರೆ ಮನೆಯಲ್ಲಿ ಪಲ್ಯ ಕೆಡುವ ಕೆಲಸ ಹೆಚ್ಚಿನ ಪಾಲು ಅದಕ್ಕೂ ಮುಂಚೆ, ಒಲೆ ಆರಿಸಿ ಡಬ್ಬಿ ಫ್ರಿಜ್ ಸೇರುವವರೆಗಿನ ಹೊತ್ತಿನಲ್ಲಿ ಆಗಿಹೋಗಿರುತ್ತದೆ. ನಮಗೆ ಗೊತ್ತಾಗುವುದು ಮಾತ್ರ ಮಾರನೇ ದಿನ. ಆ ಹೊತ್ತಿನ ಲೆಕ್ಕ ಇಟ್ಟುಕೊಂಡವರಿಗೆ ಉಳಿದದ್ದೆಲ್ಲ ಸಲೀಸು.

ಲೆಕ್ಕ ಹೀಗಿದೆ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಬಿಸಿ ಆಹಾರ 60ರ ಮೇಲಿರಲಿ, ತಣ್ಣನೆಯದು 5ರ ಒಳಗಿರಲಿ ಅನ್ನುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲೂ ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಬಿಡಬೇಡಿ ಅಂತಿದೆ. ಸುತ್ತಲಿನ ಗಾಳಿಯೇ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು 38ರ ಹತ್ತಿರ ಬಂದು ನಿಲ್ಲುವುದು ಹೊಸದೇನಲ್ಲ. ಒಲೆ ಉರಿಯುವ ಅಡುಗೆಮನೆ ಅದಕ್ಕಿಂತ ಕಾದಿರುತ್ತದೆ. ಹಾಗಾಗಿ ನಮ್ಮ ಕಡೆ ಬೇಸಿಗೆಯಲ್ಲಿ ಎರಡು ಗಂಟೆಯ ಮಾತನ್ನು ಮರೆತುಬಿಡಿ, ಒಂದು ಗಂಟೆ ಅಂತಲೇ ಇಟ್ಟುಕೊಳ್ಳಿ.

ಒಂದೆರಡು ಗಂಟೆ ಹೆಚ್ಚಾದರೆ ಏನು ಮಹಾ ಅನ್ನಿಸಬಹುದು. ಒಳ್ಳೆ ಬೆಚ್ಚಗಿನ ಜಾಗದಲ್ಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಇದ್ದದ್ದು ಒಂದು ಗಂಟೆಗೆ 8, ನಾಲ್ಕು ಗಂಟೆಗೆ 4,096, ಏಳು ಗಂಟೆಗೆ ಸುಮಾರು 21 ಲಕ್ಷ. ಮೊದಲ ಗಂಟೆಯಲ್ಲಿ ನಡೆಯುವುದು ಕಣ್ಣಿಗೂ ಮೂಗಿಗೂ ಏನೂ ಅಲ್ಲ. ಕೊನೆಯ ಒಂದು ಗಂಟೆಯಲ್ಲಿ ಸೇರುವಷ್ಟು ಸಂಖ್ಯೆ ಮೊದಲ ಆರು ಗಂಟೆ ಒಟ್ಟು ಸೇರಿಸಿದರೂ ಬಂದಿರುವುದಿಲ್ಲ.

‘ಕುದಿಸಿದ್ದೀವಲ್ಲ, ಎಲ್ಲ ಸತ್ತಿರುತ್ತವೆ’ ಅನ್ನುವ ಮಾತು ಅರ್ಧ ಮಾತ್ರ ನಿಜ. ನಮ್ಮ ಊರಿನ ಎತ್ತರದಲ್ಲಿ ನೀರು ಕುದಿಯುವುದು 98 ಡಿಗ್ರಿ ಆಸುಪಾಸಿನಲ್ಲಿ. ಅಷ್ಟು ಬಿಸಿಗೆ ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಮಣ್ಣಿನಿಂದ ಬಂದ ಕೆಲವು ಜಾತಿಗಳು ಗಟ್ಟಿ ಕವಚ ಹೊದ್ದು ಬೀಜಕದ ರೂಪದಲ್ಲಿ ಮಲಗಿರುತ್ತವೆ. ಸೊಪ್ಪು, ಆಲೂಗಡ್ಡೆ, ಗಜ್ಜರಿ, ಕಾಳು, ಮಸಾಲೆಪುಡಿ ಎಲ್ಲದರ ಮೇಲೂ ಅವು ಇರುತ್ತವೆ. ಕುದಿತ ಅವುಗಳನ್ನು ಕೊಲ್ಲುವುದಿರಲಿ, ಕೆಲವನ್ನು ಎಬ್ಬಿಸುತ್ತದೆ. ಪಾತ್ರೆ ತಣ್ಣಗಾಗುತ್ತ 50ರ ಕೆಳಗೆ ಬಂದ ಹಾಗೆ ಅವು ಮೊಳೆಯುತ್ತವೆ, ಪೈಪೋಟಿಗಿದ್ದ ಉಳಿದ ಬ್ಯಾಕ್ಟೀರಿಯಾಗಳೆಲ್ಲ ಕುದಿತಕ್ಕೆ ಸತ್ತಿರುವುದರಿಂದ ಇಡೀ ಪಾತ್ರೆ ಅವುಗಳದ್ದೇ.

ಹೆಸರು ತಿಳಿದಿರಲಿ ಅಂತ ಮೂರು ಹೇಳುತ್ತೇನೆ. ಬ್ಯಾಸಿಲಸ್ ಸೀರಿಯಸ್ ಅನ್ನ, ಆಲೂಗಡ್ಡೆಯಂಥ ಪಿಷ್ಟದ ಪದಾರ್ಥಗಳಲ್ಲಿ ಬೆಳೆದು ವಾಂತಿ ತರುವ ವಿಷ ಬಿಡುತ್ತದೆ. ಆ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಹೋಗುವುದಿಲ್ಲ, ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ತಟ್ಟೆಗೆ ಬರುತ್ತದೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಗಾಳಿಯಿಲ್ಲದ ಜಾಗ ಹುಡುಕುವಂಥದ್ದು. ದೊಡ್ಡ ಡಬರಿಯ ನಡುವಿನ ಗಟ್ಟಿ ಕಾಳುಪಲ್ಯ, ಗಟ್ಟಿ ಹುಳಿ ಅದಕ್ಕೆ ಪ್ರಿಯ. 43ರಿಂದ 47 ಡಿಗ್ರಿ ನಡುವೆ ಹತ್ತು ನಿಮಿಷದ ಆಜುಬಾಜಿನಲ್ಲಿ ಇಮ್ಮಡಿಯಾಗುತ್ತದೆ. ಮದುವೆ ಮನೆಯ ಊಟ ಮಾಡಿ ಎಂಟು–ಹನ್ನೆರಡು ಗಂಟೆಗೆ ಸಾಲಾಗಿ ಹೊಟ್ಟೆ ನುಲಿದು ಭೇದಿಯಾಯಿತು ಅಂದರೆ ಇದರ ಮೇಲೆ ಅನುಮಾನ ಪಡಬೇಕು. ಮೂರನೆಯದು ಸ್ಟೆಫಿಲೊಕಾಕಸ್ ಆರಿಯಸ್, ಅಡುಗೆಯವರ ಕೈಗಾಯ, ಮೂಗು, ಕುರುವಿನಿಂದ ಬರುತ್ತದೆ. ಬೆಂದ ಮೇಲೆ ಕೈ ಹಾಕಿ ಕಲಸಿದ ಪದಾರ್ಥಕ್ಕೆ ಅಂಟುತ್ತದೆ, ಇದರ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ.

ಈ ಮೂರೂ ಅಪಾಯದ ಮಟ್ಟಕ್ಕೆ ಬೆಳೆದಿರುವಾಗ ಪಲ್ಯದ ಬಣ್ಣ, ವಾಸನೆ, ರುಚಿ ಮೂರೂ ಸರಿಯಾಗೇ ಇರಬಹುದು. ನಾತ, ಲೋಳೆ, ನೊರೆ ತರುವ ಜಾತಿಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಹಾಗಾಗಿ ಮೂಗಿನ ಪರೀಕ್ಷೆ ಒಂದೇ ದಿಕ್ಕಿನದು. ಮೂಗು ಬೇಡ ಅಂದರೆ ಬೇಡವೇ ಬೇಡ. ಮೂಗು ಆಗಲಿ ಅಂದರೆ ಗಡಿಯಾರವನ್ನೂ ಒಂದು ಮಾತು ಕೇಳಿ.

ಈಗ ಒಂದು ಪಾತ್ರೆಯನ್ನು ಹತ್ತಿರದಿಂದ ನೋಡೋಣ. ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಎರಡು ಲೀಟರ್ ಪಾತ್ರೆ ತುಂಬ, ಮೇಲೆ ಹಸಿ ಕಾಯಿತುರಿ, ಕೊತ್ತಂಬರಿ. ಏಪ್ರಿಲ್ ಬೆಳಿಗ್ಗೆ ಎಂಟಕ್ಕೆ ಇಳಿಸಿ, ತಟ್ಟೆ ಮುಚ್ಚಿ ಕಟ್ಟೆಯ ಮೇಲೆ ಇಟ್ಟಿದೆ. ಹತ್ತಕ್ಕೆ ತಟ್ಟೆ ತೆಗೆದರೆ ಅದರ ಒಳಮೈ ತುಂಬ ಹನಿ. ಹಬೆ ನೀರಾಗಿ ಪಲ್ಯದ ಮೇಲೆ ತೊಟ್ಟಿಕ್ಕಿದೆ, ಮೇಲ್ಭಾಗ ಒದ್ದೆ, ಅಂಚು ತಣ್ಣಗೆ, ಸೌಟು ಒಳಗೆ ಹೋದರೆ ನಡುವೆ ಇನ್ನೂ ಬೆಚ್ಚಗೆ. ಕಾಯಿತುರಿ, ಕೊತ್ತಂಬರಿ ಬೆಂದಿಲ್ಲ. ತುರಿಮಣೆ, ಚಾಕು, ಕೈ ಎಲ್ಲದರಿಂದ ಬಂದ ಹೊಸ ಬ್ಯಾಕ್ಟೀರಿಯಾ ಅದರ ಜೊತೆಗಿವೆ. ಹನ್ನೆರಡಕ್ಕೆ ಕಾಯಿತುರಿಯ ಬಿಳುಪು ಮಾಸಿ ಮೈಗೆ ತುಸು ಅಂಟು ಬಂದಿರುತ್ತದೆ. ಎರಡಕ್ಕೆ ಪಾತ್ರೆ ಓರೆ ಮಾಡಿದರೆ ಅಂಚಿನ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು ಕಾಣಬಹುದು. ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿ ಬಿಟ್ಟರೆ ನೂಲಿನಂಥ ಎಳೆ ಎದ್ದು ತುಂಡಾಗುತ್ತದೆ. ಹಳಸು ವಾಸನೆ ಬರುವುದು ಇಷ್ಟೆಲ್ಲ ಆದ ಮೇಲೆ, ಕೆಲವೊಮ್ಮೆ ಸಂಜೆಗೆ. ‘ಮಧ್ಯಾಹ್ನ ಚೆನ್ನಾಗೇ ಇತ್ತಲ್ಲ’ ಅನ್ನುವುದು ಆಗ.

ಕುಕ್ಕರಿನಲ್ಲಿ ಮುಚ್ಚಿಟ್ಟರೆ ಕೆಡುವುದಿಲ್ಲ ಅನ್ನುವ ನಂಬಿಕೆಯೂ ಇದೆ. ಎರಡು ಸೀಟಿಗೆ ಎಲ್ಲ ಬೀಜಕ ಸಾಯುವುದಿಲ್ಲ. ಒತ್ತಡ ಇಳಿದ ಮೇಲೆ ಕುಕ್ಕರ್ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ದಪ್ಪ ತಳ, ಬಿಗಿ ಮುಚ್ಚಳದಿಂದ ಒಳಗಿನದು ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿಯುತ್ತದೆ. ಬೆಳೆಸಬೇಕೆಂದೇ ಹೊರಟರೂ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹಾಗಾದರೆ ಬೇಗ ತಣಿಸುವುದು ಹೇಗೆ? ಇಡೀ ಮಾತಿನಲ್ಲಿ ಮನೆಗೆ ಒಯ್ಯಬೇಕಾದ ಕೆಲಸ ಇದು. ಮೊದಲು, ಊಟಕ್ಕೆ ಬೇಕಾದಷ್ಟನ್ನು ಬೇರೆ ತೆಗೆದು, ಉಳಿಯುವುದು ಖಾತ್ರಿ ಇರುವ ಪಾಲನ್ನು ಬಡಿಸುವ ಮುಂಚೆಯೇ ಎತ್ತಿಡಿ. ಎಲ್ಲರೂ ಉಂಡು, ಹರಟೆ ಹೊಡೆದು, ತಟ್ಟೆ ತೊಳೆದ ಮೇಲೆ ಪಾತ್ರೆ ತಳದಲ್ಲಿ ಉಳಿದದ್ದನ್ನು ಎತ್ತಿಡುವುದೇ ವಾಡಿಕೆ. ಅಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ, ಹತ್ತು ಸಲ ಸೌಟು ಆಡಿರುತ್ತದೆ.

ಎತ್ತಿಟ್ಟ ಪಾಲನ್ನು ಅಗಲ ತಟ್ಟೆ ಅಥವಾ ಪರಾತಕ್ಕೆ ಹರಡಿ. ಪಲ್ಯದ ದಪ್ಪ ಮೂರು ಬೆರಳಗಲಕ್ಕಿಂತ, ಅಂದರೆ 5 ಸೆಂಟಿಮೀಟರ್‌ಗಿಂತ ಹೆಚ್ಚಿರಬಾರದು, ಒಂದೂವರೆ ಬೆರಳಾದರೆ ಇನ್ನೂ ಒಳ್ಳೆಯದು. ಗಟ್ಟಿ ಪಲ್ಯದಲ್ಲಿ ಬಿಸಿ ಒಳಗಿಂದ ಹೊರಗೆ ತೆವಳಿಕೊಂಡು ಬರಬೇಕು. ದಪ್ಪ ಅರ್ಧವಾದರೆ ತಣಿಯುವ ಹೊತ್ತು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲೆ ತೆಳು ಬಟ್ಟೆ ಅಥವಾ ಜರಡಿ ಬೋರಲು ಹಾಕಿ, ಫ್ಯಾನಿನ ಕೆಳಗೆ ಇಡಿ. ಹಬೆ ಹೋಗಲಿ, ನೊಣ ಬಾರದಿರಲಿ. ಇಪ್ಪತ್ತು–ಮೂವತ್ತು ನಿಮಿಷದಲ್ಲಿ ತಟ್ಟೆಯ ತಳ ಅಂಗೈಗೆ ಬಿಸಿ ಅನ್ನಿಸದ ಹಾಗೆ ಆಗುತ್ತದೆ. ಆಗ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಫ್ರಿಜ್‌ಗೆ.

ಸಾರು, ಹುಳಿಯಾದರೆ ಪಾತ್ರೆಯನ್ನೇ ದೊಡ್ಡ ಬೋಗುಣಿಯ ತಣ್ಣೀರಿನಲ್ಲಿ ಕೂರಿಸಿ, ಹೊರಗಿನ ನೀರು ಒಳಗಿನ ಸಾರಿನ ಮಟ್ಟಕ್ಕಿರಲಿ. ಐದು ನಿಮಿಷಕ್ಕೊಮ್ಮೆ ತೊಳೆದ ಸೌಟಿನಿಂದ ತಳದಿಂದ ತಿರುವಿ, ನೀರು ಬಿಸಿಯಾದರೆ ಬದಲಿಸಿ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಸ್ನಾನಕ್ಕಾಗುವಷ್ಟು ಕಾದಿರುತ್ತದೆ, ಅದರಿಂದ ಉಪಯೋಗವಿಲ್ಲ. ಮಡಕೆಯ ನೀರು ಬಳಸಿ, ಇಲ್ಲವೇ ಎರಡು ತಟ್ಟೆ ಐಸ್ ಜೊತೆಗೆ ಒಂದು ಹಿಡಿ ಕಲ್ಲುಪ್ಪು ಹಾಕಿ.

ಬಿಸಿ ಇರುವುದನ್ನು ಫ್ರಿಜ್‌ನಲ್ಲಿ ಇಡಬಾರದು ಅನ್ನುವ ಹಳೆಯ ಮಾತಿನಿಂದಲೇ ಎಷ್ಟೋ ಪಲ್ಯ ಕಟ್ಟೆಯ ಮೇಲೆ ಹಾಳಾಗುತ್ತದೆ. ಕುದಿಯುವ ಹತ್ತು ಲೀಟರ್ ಡಬರಿ ಇಡಬಾರದು, ಅದು ಪಕ್ಕದ ಹಾಲನ್ನೂ ಬಿಸಿ ಮಾಡುತ್ತದೆ. ಹಬೆ ನಿಂತ, ಉಗುರುಬೆಚ್ಚಗಿನ ಅರ್ಧ ಕೆ.ಜಿ. ಪಲ್ಯದ ಡಬ್ಬಿಯನ್ನು ಧಾರಾಳವಾಗಿ ಇಡಿ, ಫ್ರಿಜ್‌ಗೆ ಏನೂ ಆಗುವುದಿಲ್ಲ.

ಮೆಸ್‌ನವರಿಗೆ ಒಂದು ಮಾತು. ದೊಡ್ಡ ಪ್ರಮಾಣದಲ್ಲಿ ಎರಡು ಹಂತದ ನಿಯಮ ಇಟ್ಟುಕೊಳ್ಳಿ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ಏಪ್ರಿಲ್‌ನಲ್ಲಿ ಫ್ಯಾನ್ ಎಷ್ಟು ತಿರುಗಿದರೂ 21ಕ್ಕೆ ಬರುವುದಿಲ್ಲ. ಐಸ್ ಬೇಕು, ಇಲ್ಲವೇ ಅಷ್ಟು ಉಳಿಯದ ಹಾಗೆ ಮಾಡಬೇಕು. ಕಡ್ಡಿಯ ಹಾಗಿರುವ ಅಡುಗೆ ಥರ್ಮಾಮೀಟರ್ ಒಂದನ್ನು ತಂದಿಟ್ಟುಕೊಳ್ಳಿ, ಪಾತ್ರೆಯ ನಡುವಿಗೆ ಚುಚ್ಚಿ ನೋಡಿ. ಅದು ಸರಿ ಇದೆಯೇ ಅಂತ ತಿಳಿಯಲು ಐಸ್ ತುಂಬಿದ ನೀರಿಗೆ ಹಾಕಿ, ಸೊನ್ನೆ ತೋರಿಸಬೇಕು.

ಇನ್ನು ಡಬ್ಬಿ. ಸ್ಟೀಲ್ ಅಥವಾ ಗಾಜು. ಹುಣಸೆ, ಟೊಮೆಟೊ ಬಿದ್ದ ಪದಾರ್ಥವನ್ನು ಕಲಾಯಿ ಹೋದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಡಬೇಡಿ, ಲೋಹ ಬಿಡುತ್ತದೆ. ಕಬ್ಬಿಣದ ಬಾಂಡ್ಲಿಯಲ್ಲಿ ಮಾಡಿದ್ದನ್ನು ಅದರಲ್ಲೇ ಬಿಟ್ಟರೆ ಕಪ್ಪಾಗಿ ಒಗರು ಬರುತ್ತದೆ. ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ವಾರಕ್ಕೊಮ್ಮೆ ಬಿಡಿಸಿ ತೊಳೆಯಿರಿ. ಹೊಸ ಪಲ್ಯ ಒಂದೇ ದಿನಕ್ಕೆ ಮುಗ್ಗಲು ವಾಸನೆ ಬಂದರೆ ಕಾರಣ ಹಲವು ಸಲ ಅಲ್ಲಿ ಸೇರಿದ ಕೊಳೆ. ದೊಡ್ಡ ಡಬ್ಬಿ ಒಂದರ ಬದಲು ಒಂದೊಂದು ಹೊತ್ತಿಗಾಗುವ ಮೂರು ಸಣ್ಣ ಡಬ್ಬಿ ಮಾಡಿ. ಮುಚ್ಚಳದ ಮೇಲೆ ಕಾಗದದ ಟೇಪ್ ಅಂಟಿಸಿ ದಿನ, ಹೊತ್ತು ಬರೆಯಿರಿ.

ಫ್ರಿಜ್ ಒಳಗಿನ ತಿರುಗಣೆಯ 1ರಿಂದ 5ರ ಅಂಕಿ ಡಿಗ್ರಿಯಲ್ಲ, ತಣಿಸುವ ಜೋರು. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ನಡುವಿನ ಹಲಗೆಯ ಮೇಲೆ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ನೋಡಿ. 5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಾಗಿಲಿನ ಅರೆ ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಪಲ್ಯ ಅಲ್ಲಿ ಬೇಡ. ಬೇಯಿಸಿದ್ದು ಮೇಲೆ, ತೊಳೆಯದ ಸೊಪ್ಪು ತರಕಾರಿ ಕೆಳಗೆ. ಹಳೆಯ ಮನೆಗಳಲ್ಲಿ ಮುಸುರೆ ಅಂತ ಬೆಂದದ್ದನ್ನೂ ಬೇಯದ್ದನ್ನೂ ಬೇರೆ ಇಡುತ್ತಿದ್ದರು. ಅದರ ಉಳಿದ ಕಟ್ಟುಪಾಡು ಏನೇ ಇರಲಿ, ಈ ಒಂದು ಭಾಗ ಫ್ರಿಜ್ ಒಳಗೂ ಸರಿಯಾಗಿ ಒಪ್ಪುತ್ತದೆ. ಎಂಜಲಿನ ವಿಷಯವೂ ಅಷ್ಟೇ. ಬಾಯಿಗಿಟ್ಟ ಚಮಚ ಡಬ್ಬಿಗೆ ಹೋದರೆ ಬಾಯಿಯ ಬ್ಯಾಕ್ಟೀರಿಯಾ ಹೋಗುತ್ತವೆ, ಜೊಲ್ಲಿನ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ. ಗಟ್ಟಿ ಇದ್ದ ಆಲೂಗಡ್ಡೆ ಪಲ್ಯ ನೀರು ಬಿಡುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಮಾಡಿದರೆ ಬೇಯಿಸಿದ ತರಕಾರಿ ಎಷ್ಟು ದಿನ? ಫ್ರಿಜ್‌ನಲ್ಲಿ ಹೆಚ್ಚೆಂದರೆ ಮೂರರಿಂದ ನಾಲ್ಕು ದಿನ. ಆದರೆ ಎಲ್ಲ ಪಲ್ಯವೂ ಒಂದೇ ಅಲ್ಲ.

ಬೆಣ್ಣೆ ದೋಸೆಯ ಜೊತೆಗಿನ ಬಿಳಿ ಆಲೂಗಡ್ಡೆ ಪಲ್ಯವನ್ನೇ ತೆಗೆದುಕೊಳ್ಳಿ. ಹುಳಿಯಿಲ್ಲ, ನೀರಿನಂಶ ಹೆಚ್ಚು, ಕೈಯಲ್ಲೋ ಮ್ಯಾಷರ್‌ನಲ್ಲೋ ಕಿವುಚಿದ್ದು, ಮುದ್ದೆಯಾಗಿ ಕೂರುವುದರಿಂದ ನಡುವೆ ಬಿಸಿ ಹಿಡಿದಿಡುತ್ತದೆ. ಕೆಡುವುದಕ್ಕೆ ಬೇಕಾದ ನಾಲ್ಕೂ ಗುಣ ಅದರಲ್ಲಿವೆ. ಬೆಳಿಗ್ಗೆ ಮಾಡಿದ್ದು ಬೆಳಿಗ್ಗೆಯೇ ಮುಗಿಯಬೇಕು, ಇಲ್ಲವೇ ಹರಡಿ ತಣಿಸಿ ಫ್ರಿಜ್ ಸೇರಬೇಕು, ಎರಡು ದಿನದಲ್ಲಿ ಖಾಲಿಯಾಗಬೇಕು. ನಾಳೆಯ ದೋಸೆಗೆ ಇವತ್ತೇ ಬೇಯಿಸಿಡುವುದಿದ್ದರೆ ಆಲೂಗಡ್ಡೆಯನ್ನು ಇಡಿಯಾಗಿ, ಸಿಪ್ಪೆ ಸಹಿತ, ತಣಿಸಿ ಫ್ರಿಜ್‌ನಲ್ಲಿಡಿ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಹೊರಗೆ ಮಾತ್ರ ಬಿಡಬೇಡಿ. ಫಾಯಿಲ್‌ನಲ್ಲಿ ಸುಟ್ಟು ಹಾಗೇ ಬಿಟ್ಟ ಆಲೂಗಡ್ಡೆಯಿಂದ ಬಾಟ್ಯುಲಿಸಂ ಅನ್ನುವ, ಜೀವ ತೆಗೆಯಬಲ್ಲ ವಿಷಬಾಧೆ ಆದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ.

ಬದನೆಕಾಯಿ ಎಣ್ಣೆಗಾಯಿ ಇದಕ್ಕೆ ವಿರುದ್ಧ. ಹುಣಸೆ ಇದೆ, ಶೇಂಗಾ ಗುರೆಳ್ಳು ಹುರಿದು ಪುಡಿ ಮಾಡಿದ್ದು, ನೀರು ಇಂಗಿರುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ನಿಲ್ಲುತ್ತದೆ. ಆದರೆ ಮೇಲೆ ತೇಲುವ ಎಣ್ಣೆ ಕಾಪಾಡುತ್ತದೆ ಅಂತ ಹೊರಗೆ ಬಿಡಬೇಡಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾಕ್ಕೆ ಅದೇ ಅನುಕೂಲ. ಶೇಂಗಾ ಬಗ್ಗೆ ಚಳ್ಳಕೆರೆ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ, ಆದರೂ ಒಂದು ಮಾತು: ಬೂಷ್ಟು ಹಿಡಿದ, ಸುಕ್ಕಾದ, ಕಹಿ ಬೀಜ ಆರಿಸಿ ಹೊರಗೆ ಹಾಕಿ. ಅದರಲ್ಲಿನ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಸೊಪ್ಪಿನ ಪಲ್ಯ ಅದೇ ದಿನಕ್ಕೆ, ಹೆಚ್ಚೆಂದರೆ ಮರುದಿನಕ್ಕೆ. ಪಾಲಕ್‌ನಂಥ ಸೊಪ್ಪುಗಳಲ್ಲಿ ನೈಟ್ರೇಟ್ ಜಾಸ್ತಿ, ಹೊರಗಿಟ್ಟರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ದೊಡ್ಡವರಿಗೆ ಅಷ್ಟು ಭಯವಿಲ್ಲ, ಕೂಸಿಗೆ ತಿನ್ನಿಸುವ ಸೊಪ್ಪಿನ ಬೇಳೆ ಮಾತ್ರ ಆಗಿಂದಾಗ್ಗೆ ಮಾಡಿದ್ದಾಗಿರಲಿ. ಬಸ್ಸಾರಿನ ಕಟ್ಟು, ಅಂದರೆ ಕಾಳು ಸೊಪ್ಪು ಬಸಿದ ನೀರು, ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಇಡುವ ದ್ರವಕ್ಕೆ ಹತ್ತಿರದ ಸಂಬಂಧಿ. ಪ್ರೋಟೀನ್, ಸಕ್ಕರೆ, ಉಪ್ಪು, ನೀರು ಎಲ್ಲ ಹದವಾಗಿ ಇರುತ್ತವೆ. ಮಸಾಲೆ ರುಬ್ಬುವುದು ತಡವಾಗುವುದಾದರೆ ಕಟ್ಟನ್ನು ಒಲೆಯ ಪಕ್ಕ ಬಿಡದೆ ಫ್ರಿಜ್‌ಗೆ ಹಾಕಿ.

ಹೀರೆ, ಸೋರೆ, ಪಡವಲ ನೀರು ಬಿಡುವ ಜಾತಿ, ಎರಡು ದಿನ. ಬೀನ್ಸ್, ಗಜ್ಜರಿ, ನವಿಲುಕೋಸು, ಎಲೆಕೋಸು ಮೂರು ದಿನ. ಯಾವುದೇ ಆಗಲಿ, ಉಳಿಸುವ ಪಾಲಿಗೆ ಕಾಯಿತುರಿ, ಹಸಿ ಈರುಳ್ಳಿ, ಕೊತ್ತಂಬರಿ, ಮೊಸರು ಹಾಕಬೇಡಿ. ತಿನ್ನುವಾಗ ಬಿಸಿ ಮಾಡಿ ಆಮೇಲೆ ಹಾಕಿಕೊಳ್ಳಿ. ಈ ಒಂದು ಬದಲಾವಣೆಯೇ ಪಲ್ಯದ ಆಯುಸ್ಸಿಗೆ ಒಂದು ದಿನ ಸೇರಿಸಬಲ್ಲದು. ಪಲ್ಯದ ಉಪ್ಪು ನೂರಕ್ಕೆ ಒಂದರ ಹತ್ತಿರ, ಅದು ರುಚಿಗೆ ಮಾತ್ರ. ಉಪ್ಪಿನಕಾಯಿ ನಿಲ್ಲುವುದು ಅದರ ಹತ್ತು ಪಟ್ಟು ಉಪ್ಪಿನಿಂದ.

ಕೆಟ್ಟಿದೆ ಅಂತ ತಿಳಿಯುವುದು ಹೇಗೆ? ಮೊದಲು ಕಣ್ಣು. ಮುಚ್ಚಳ ತೆಗೆಯುವಾಗ ‘ಟಸ್’ ಅಂತ ಗಾಳಿ ಹೊರಬಂದರೆ, ಮುಚ್ಚಳ ಉಬ್ಬಿದ್ದರೆ, ತಿರುವದೆಯೇ ಗುಳ್ಳೆ ಏಳುತ್ತಿದ್ದರೆ ಒಳಗೆ ಅನಿಲ ಹುಟ್ಟಿದೆ. ತಿಳಿಯಾಗಿ ನಿಲ್ಲುವ ಸಾರಿನ ಮೇಲ್ಭಾಗ ಕದಡಿದ ಹಾಗಿದ್ದರೆ, ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದೂ ಸೂಚನೆ. ಆಮೇಲೆ ಸೌಟು. ಎತ್ತಿದಾಗ ಎಳೆ ಬಂದರೆ, ಹೋಳುಗಳ ಮೇಲೆ ಜಾರುವ ಲೋಳೆ ಇದ್ದರೆ ಕೆಟ್ಟಿದೆ. ಬೆಂಡೆಕಾಯಿ ಇದಕ್ಕೆ ಹೊರತು, ಅದರ ಲೋಳೆ ಅದರದ್ದೇ. ಮೂಗು ಕೊನೆಗೆ. ಹುಳಿ ಹಾಕದ ಪಲ್ಯಕ್ಕೆ ಹುಳಿ ವಾಸನೆ, ಹೆಂಡದಂಥ ವಾಸನೆ, ಎಣ್ಣೆಯ ಕಮಟು ಬಂದರೆ ಅಲ್ಲಿಗೆ ನಿಲ್ಲಿಸಿ. ತಣ್ಣಗಿರುವಾಗ ವಾಸನೆ ಮುಚ್ಚಿರುತ್ತದೆ, ಅನುಮಾನವಿದ್ದರೆ ಒಂದು ಚಮಚ ಬಿಸಿ ಮಾಡಿ ಮೂಸಿ ನೋಡಿ. ರುಚಿ ನೋಡಿ ತೀರ್ಮಾನಿಸುವುದು ಬೇಡ. ಬೂಷ್ಟು ಒಂದು ಚುಕ್ಕೆಯಷ್ಟಿದ್ದರೂ ಮೇಲಿನದನ್ನು ತೆಗೆದು ಉಳಿದದ್ದನ್ನು ತಿನ್ನಬಾರದು. ಮೆತ್ತಗಿನ, ಒದ್ದೆ ಪದಾರ್ಥದಲ್ಲಿ ಅದರ ಎಳೆಗಳು ಕಾಣದೆ ಕೆಳಗೆ ಇಳಿದಿರುತ್ತವೆ.

ಇನ್ನೊಂದು ಕಡೆ, ಚೆನ್ನಾಗಿರುವುದನ್ನೂ ಚೆಲ್ಲುತ್ತೇವೆ. ಹಸಿರು ಬೀನ್ಸ್, ಸೊಪ್ಪು ಮಾಸಲು ಕಂದಾಗುವುದು ಹಸಿರು ಬಣ್ಣ ಹುಳಿಗೆ, ಬಿಸಿಗೆ ಬದಲಾಗುವುದರಿಂದ. ಬೆಂದ ಆಲೂಗಡ್ಡೆಯ ಬೂದು ಕಲೆ ಅದರೊಳಗಿನ ಕಬ್ಬಿಣದ ಕೆಲಸ. ಎಲೆಕೋಸು, ಹೂಕೋಸು, ನವಿಲುಕೋಸಿನ ಡಬ್ಬಿ ತೆಗೆದ ತಕ್ಷಣ ಬರುವ ಗಂಧಕದ ವಾಸನೆ ಬೇಯುವಾಗಲೂ ಇದ್ದದ್ದೇ. ಒಂದು ನಿಮಿಷ ತೆರೆದಿಟ್ಟರೆ ತೆಳುವಾಗುತ್ತದೆ. ಸಾರಿನ ಮೇಲೆ ಬಿಳಿಯಾಗಿ ಗಟ್ಟಿಯಾದದ್ದು ತುಪ್ಪವೋ ಕೊಬ್ಬರಿ ಎಣ್ಣೆಯೋ ಇರಬಹುದು, ಬಿಸಿಗೆ ಕರಗಿದರೆ ಕೊಬ್ಬು, ತೇಲುತ್ತಲೇ ಉಳಿದರೆ ಪೊರೆ. ಸೋರೆ, ಹೀರೆ, ಸೌತೆ ಕಹಿಯಾಗಿದ್ದರೆ ಅದು ಹಳಸಿದ್ದರಿಂದ ಅಲ್ಲ, ಕಾಯಿಯೊಳಗಿನ ಕುಕುರ್ಬಿಟಾಸಿನ್‌ನಿಂದ. ಆದರೆ ಅದೂ ವಿಷವೇ, ಬೇಯಿಸಿದರೆ ಹೋಗುವುದಿಲ್ಲ, ಎಸೆಯಿರಿ.

ಮತ್ತೆ ಬಿಸಿ ಮಾಡುವುದು: ಬೇಕಾದಷ್ಟೇ, ಒಂದೇ ಸಲ. ಗಟ್ಟಿ ಪಲ್ಯಕ್ಕೆ ಎರಡು ಮೂರು ಚಮಚ ನೀರು ಚಿಮುಕಿಸಿ, ಮುಚ್ಚಿ, ತಿರುವಿ, ನಡುವಿನಿಂದಲೂ ಹಬೆ ಏಳುವವರೆಗೆ. ಅಳತೆಯಲ್ಲಿ ಹೇಳುವುದಾದರೆ ಪಾತ್ರೆಯ ನಡುವೆ 75 ಡಿಗ್ರಿ. ಸಾರು ಮಳ ಮಳ ಕುದಿಯಬೇಕು. ಮೈಕ್ರೋವೇವ್ ಒಂದು ಕಡೆ ಸುಟ್ಟು ಇನ್ನೊಂದು ಕಡೆ ತಣ್ಣಗೆ ಬಿಡುತ್ತದೆ, ನಡುವೆ ನಿಲ್ಲಿಸಿ ತಿರುವಿ, ಮುಗಿದ ಮೇಲೆ ಎರಡು ನಿಮಿಷ ಹಾಗೇ ಬಿಡಿ. ಹಾಟ್‌ಬಾಕ್ಸ್ ಬಿಸಿಯನ್ನು ಹಿಡಿದಿಡುತ್ತದೆ, ಬಿಸಿ ಮಾಡುವುದಿಲ್ಲ. ಕುದಿವ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಕೂಡಲೇ ಹೊಗೆಯಾಡುವ ಪಲ್ಯ ತುಂಬಿದರೆ ಸರಿ. ಉಗುರುಬೆಚ್ಚಗಿನದು ತುಂಬಿದರೆ ಅದು ಕಾವುಪೆಟ್ಟಿಗೆ.

ಮಕ್ಕಳ ಟಿಫಿನ್‌ಗೆ ಎಂಟಕ್ಕೆ ಕಟ್ಟಿದ್ದು ಒಂದಕ್ಕೆ ತಿನ್ನುವುದು, ಐದು ಗಂಟೆ. ಇಂಥ ಹೊತ್ತಿಗೆ ಕಾಯಿ ಹಾಕಿದ ಕಾಳುಪಲ್ಯ, ಕಿವುಚಿದ ಆಲೂಗಡ್ಡೆ ಬೇಡ. ರೊಟ್ಟಿಗೋ ಚಪಾತಿಗೋ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾಕ್ಕೆ ಕೆಲಸವಿಲ್ಲ. ಮೊಸರು ಬೇರೆ ಸಣ್ಣ ಡಬ್ಬಿಯಲ್ಲಿರಲಿ.

ಫ್ರಿಜ್ ಇಲ್ಲದ ರೂಮಿನ ಹುಡುಗರು ಮಡಕೆಯೊಳಗೆ ಡಬ್ಬಿ ಇಟ್ಟು ಒದ್ದೆ ಬಟ್ಟೆ ಸುತ್ತುವುದನ್ನು ಕೇಳಿದ್ದೀರಿ. ಚಿತ್ರದುರ್ಗದ ಒಣ ಗಾಳಿಯಲ್ಲಿ ಅದು ಚೆನ್ನಾಗೇ ತಂಪಾಗುತ್ತದೆ. ಆದರೂ ಇಪ್ಪತ್ತೈದು ಡಿಗ್ರಿಯ ಆಜುಬಾಜು, ಅದು ಟೊಮೆಟೊ ಸೊಪ್ಪಿಗೆ ಸಾಕು, ಬೆಂದ ಪಲ್ಯಕ್ಕೆ ಸಾಲದು. ಒಂದು ಹೊತ್ತಿನ ಅಳತೆಗೆ ಮಾಡುವುದೇ ದಾರಿ. ಒಬ್ಬರಿಗೆ 150 ಗ್ರಾಂ ಹಸಿ ತರಕಾರಿ ಅಂತ ಇಟ್ಟುಕೊಂಡರೆ ಉಳಿಯುವುದಿಲ್ಲ.

ಕೊನೆಗೆ ಸಭೆಯಲ್ಲಿ ಬಂದ ಮೂರು ಪ್ರಶ್ನೆ.

‘ಅಜ್ಜಿ ಸಾರನ್ನ ಬೆಳಿಗ್ಗೆ ಸಂಜೆ ಕುದಿಸಿ ಕುದಿಸಿ ಎರಡು ದಿನ ಇಡುತ್ತಿದ್ದರು, ಏನೂ ಆಗ್ತಿರಲಿಲ್ಲವಲ್ಲ?’ ಅದು ಹುಣಸೆ ಸಾರು, ಹುಳಿ ಹೆಚ್ಚು, ಬೇಳೆ ಕಡಿಮೆ, ಮೇಲಾಗಿ ಪ್ರತಿ ಸಲವೂ ಪೂರ್ತಿ ಕುದಿ. ಅಂಥ ಹುಳಿಯಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಬೆಳೆಯಲಾರವು. ಅದೇ ಉಪಾಯವನ್ನು ಅವರೆಕಾಳು ಹುಳಿಗೋ ಆಲೂಗಡ್ಡೆ ಸಾಗುಗೋ ಹಚ್ಚಿದರೆ ಕುದಿತ ಕುದಿತದ ನಡುವೆ ಬೀಜಕಗಳು ಮೊಳೆತು ವಿಷ ಬಿಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

‘ಹಳಸಿದ್ದನ್ನ ಹಸುಗೆ ಹಾಕಬಹುದಾ?’ ಬೇಡ. ಬೂಷ್ಟಿನ ವಿಷ ಹಸುವಿಗೂ ವಿಷವೇ. ಹಬ್ಬದ ಮಾರನೇ ದಿನ ಬಕೆಟ್‌ಗಟ್ಟಲೆ ಅನ್ನ, ಪಾಯಸ ತಿಂದ ದನದ ಹೊಟ್ಟೆಯಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರುತ್ತದೆ. ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿ. ತಿಂದವರಿಗೆ ವಾಂತಿ ಭೇದಿಯಾದರೆ ಓ.ಆರ್.ಎಸ್. ಪ್ಯಾಕೆಟ್, ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತರೆ, ಎಳೆ ಮಗು, ಬಸುರಿ, ವಯಸ್ಸಾದವರಾದರೆ ಕಾಯದೆ ಡಾಕ್ಟರ ಹತ್ತಿರ. ವಸ್ತು ಎರಡೆರಡಾಗಿ ಕಂಡು ರೆಪ್ಪೆ ಜೋತು ಮಾತು ತೊದಲಿದರೆ ನೇರ ದೊಡ್ಡಾಸ್ಪತ್ರೆಗೆ.

‘ಕರೆಂಟ್ ಹೋದರೆ?’ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ, ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ. ಊರಿಗೆ ಹೋಗಿ ಬಂದಾಗ ನಡುವೆ ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಹೊರಡುವ ಹಿಂದಿನ ದಿನ ಒಂದು ಬಟ್ಟಲು ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಐಸಿನ ತಳಕ್ಕೆ ಇಳಿದು ಕೂತಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ. ಆ ಪಲ್ಯದ ಡಬ್ಬಿಗಳನ್ನು ತೆರೆದು ಮೂಸಿ ನೋಡುತ್ತ ಕೂರಬೇಡಿ, ಚೆಲ್ಲಿಬಿಡಿ.